ಮಲ್ಲಿಗೆ ಮುಡಿಯದ ಕೆಲಸ

ಮದುವೆ, ಮುಂಜಿ ಎಂದು ಊರಿಗೆ ಹೋದಾಗ ಯಾರಾದರೂ ‘ನಿಮಗೆ ಬೊಂಬಾಯಿಯಲ್ಲಿ ಎಂತ ಕೆಲಸ?’ ಎಂದು ಕೇಳಿದರೆ ನಾನು ‘ಮೂಸುವ ಕೆಲಸ’ ಎನ್ನುತ್ತಿದ್ದೆ. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕಂಡವರ ವಿಷಯಕ್ಕೆ ಮೂಗು ತೂರಿಸುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ, ಅದಕ್ಕೆ ಸಂಬಳ ಸಿಗುವುದು ಇವಳೊಬ್ಬಳಿಗೆ ಮಾತ್ರ ಎಂದು ನನ್ನ ಗಂಡ ನಡುವೆ ಬಾಯಿ ಹಾಕುತ್ತಿದ್ದರು.

ನಿವೃತ್ತಿಯಾದ ಮೇಲೆ ಅದೇ ಪ್ರಶ್ನೆ ಮತ್ತೆ ಬಂದಿದೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಕೆಮಿಸ್ಟ್ರಿ ಓದಿ ಸುಗಂಧದ ಕಂಪನಿಯೊಂದಕ್ಕೆ ಸೇರಿದ್ದಾಳೆ. ಒಳಗೆ ನಿಜವಾಗಿ ಏನು ನಡೆಯುತ್ತದೆ, ಹೇಳಿ ಆಂಟಿ ಎಂದು ಬೆನ್ನು ಬಿದ್ದಿದ್ದಾಳೆ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ. ಬಡ್ತಿ ಯಾವಾಗ ಸಿಕ್ಕಿತು, ಕುರ್ಚಿ ಯಾವಾಗ ದೊಡ್ಡದಾಯಿತು ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರ ಮೂಗೂ ಚುರುಕಾಗುವುದಿಲ್ಲ.

ನಾನು ಉಡುಪಿ ಕಡೆಯವಳು. ಬಿ.ಎಸ್ಸಿ. ಮುಗಿಸಿ, ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಕೂರುವವರನ್ನು ಮದುವೆಯಾಗಿ ಡೊಂಬಿವಲಿಗೆ ಬಂದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನವಿ ಮುಂಬಯಿಯ ರಬಾಳೆಯಲ್ಲಿರುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಾಬೂನು, ಪೌಡರು, ಊದುಬತ್ತಿ, ನೆಲ ಒರೆಸುವ ದ್ರಾವಣ, ಹೀಗೆ ಎಲ್ಲದಕ್ಕೂ ಬೇಕಾದ ಪರಿಮಳ ತಯಾರಿಸಿ ಕೊಡುವ ಕಂಪನಿ ಅದು. ಪರ್ಫ್ಯೂಮರ್ ಒಬ್ಬರು ಪರಿಮಳವನ್ನು ಬೆರೆಸುತ್ತಾರೆ. ಅದನ್ನು ಮೂಸಿ, ಇದು ಗಿರಾಕಿ ಕೇಳಿದ್ದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಹೇಳುವುದು ನಮ್ಮ ಕೆಲಸ.

ಸೇರಿದ ದಿನವೇ ನಿಯಮ ಹೇಳಿದರು. ತಲೆಗೆ ಹೂವು ಬೇಡ. ಪರಿಮಳದ ಎಣ್ಣೆ ಬೇಡ, ಪೌಡರ್ ಬೇಡ. ಬೆಳಿಗ್ಗೆ ಮನೆಯಲ್ಲಿ ಊದುಬತ್ತಿ ಹಚ್ಚಿದರೆ ಆ ಹೊಗೆ ಸೀರೆಗೆ ಹಿಡಿಯಬಾರದು. ಇದನ್ನು ಅತ್ತೆಗೆ ಹೇಗೆ ಹೇಳುವುದು? ನಮ್ಮ ಅತ್ತೆ ಶುಕ್ರವಾರ ತಪ್ಪದೆ ಮಲ್ಲಿಗೆ ಕೊಳ್ಳುವವರು. ಊರಿಂದ ಬರುವ ಸಣ್ಣ ಮಲ್ಲಿಗೆಯೇ ಆಗಬೇಕು, ಇಲ್ಲಿಯ ದುಂಡುಮಲ್ಲಿಗೆ, ಮೋಗ್ರಾ, ಅವರ ಲೆಕ್ಕದಲ್ಲಿ ಹೂವೇ ಅಲ್ಲ. ಮುತ್ತೈದೆ ಬೋಳು ಜಡೆಯಲ್ಲಿ ಹೊರಗೆ ಹೋಗುವುದು, ಸೊಸೆ ರೈಲು ಹತ್ತುವವರೆಗೆ ದೇವರು ಊದುಬತ್ತಿಗೆ ಕಾಯುವುದು ಎರಡೂ ಅವರಿಗೆ ನುಂಗಲಾರದ ತುತ್ತಾಯಿತು. ‘ಪರಿಮಳ ಮಾಡುವ ಕಂಪನಿ ಅಂತಿ, ಹೂ ಮುಡಿಬಾರ್ದು ಅಂತಿ. ಇದು ಎಂತ ಕಂಪನಿ ಮಾರಾಯ್ತಿ?’ ಎಂದರು. ನನಗೂ ಬೇಸರವೇ ಆಗಿತ್ತು. ಸಂಜೆ ಬರುವ ಹೊತ್ತಿಗೆ ಫ್ರಿಜ್ಜಿನಲ್ಲಿಟ್ಟ ಹೂವಿನ ಅಂಚು ಕೆಂಪಾಗಿರುತ್ತಿತ್ತು.

ಹೊಸಬರಿಗೆ ಒಂದು ಕಿವಿಮಾತು. ಕಾಫಿಬೀಜ ಮೂಸಿದರೆ ಮೂಗು ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ. ಹತ್ತಾರು ಮೂಸಿ ಮೂಗು ಮೊಂಡಾದಾಗ ನಿಮ್ಮ ಮೊಣಕೈಯ ಒಳಮಡಿಕೆಯನ್ನೇ ಮೂಸಿ. ನಿಮ್ಮದೇ ಮೈವಾಸನೆ ಮೂಗನ್ನು ಮನೆಗೆ ಕರೆತರುತ್ತದೆ. ಇದನ್ನು ನನಗೆ ಕಲಿಸಿದವರು ದಾಮ್ಲೆ ಸರ್, ನಮ್ಮ ಮುಖ್ಯ ಪರ್ಫ್ಯೂಮರ್.

ದಾಮ್ಲೆ ಸರ್ ಫ್ರಾನ್ಸಿನಲ್ಲಿ ಕಲಿತು ಬಂದವರು. ಮನೆ ಠಾಣೆಯ ನೌಪಾಡಾದಲ್ಲಿ. ಕೋಪ ಮೂಗಿನ ತುದಿಯಲ್ಲೇ ಇತ್ತು. ಜಾಗ ಇಲ್ಲದಷ್ಟು ಪರಿಮಳವನ್ನು ಆ ಮೂಗಿನೊಳಗೆ ತುಂಬಿಕೊಂಡದ್ದರಿಂದ ಕೋಪ ಹೊರಗೆ ಉಳಿಯಿತು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಶನಿವಾರ ಮಧ್ಯಾಹ್ನ ಚಹಾ, ಬಟಾಟೆ ವಡೆ ತರಿಸಿ ನಮ್ಮನ್ನು ಕೂರಿಸಿ ಪಾಠ ಮಾಡುತ್ತಿದ್ದರು. ಯಾವ ದೇಶವೇ ಇರಲಿ, ಮನುಷ್ಯ ಮೊದಲು ಮಾಡಿದ ಸುಗಂಧ ಹೊಗೆ ಎನ್ನುತ್ತಿದ್ದರು. ಮರದ ಅಂಟನ್ನು ಕೆಂಡಕ್ಕೆ ಹಾಕಿದ, ಹೊಗೆ ಮೇಲೆ ಹೋಯಿತು, ದೇವರಿಗೆ ತಲುಪಿತು ಅಂದುಕೊಂಡ. ಈಜಿಪ್ಟಿನ ಹಳೆಯ ಗುಡಿಗಳಲ್ಲಿ ಅದೇ, ನಮ್ಮ ಧೂಪಾರತಿಯಲ್ಲಿ ಅದೇ, ಇಗರ್ಜಿಯಲ್ಲಿ, ದರ್ಗಾದಲ್ಲಿ ಅದೇ. ಅರಬರು ಹೂವಿನ ಆವಿ ಹಿಡಿಯುವುದನ್ನು ಹದಕ್ಕೆ ತಂದರು. ಉತ್ತರಪ್ರದೇಶದ ಕನೌಜಿನವರು ಮಳೆ ಬಿದ್ದ ಮಣ್ಣಿನ ವಾಸನೆಯನ್ನೂ ಗಂಧದೆಣ್ಣೆಗೆ ಇಳಿಸಿದರು. ಫ್ರಾನ್ಸಿನವರು ಚರ್ಮದ ಕೈಗವಸಿನ ನಾತ ಅಡಗಿಸಲು ಶುರುಮಾಡಿದ ವ್ಯಾಪಾರವನ್ನು ಜಗತ್ತಿಗೆಲ್ಲ ಹರಡಿದರು. ಇಷ್ಟು ಹೇಳುವಷ್ಟರಲ್ಲಿ ವಡೆ ತಣ್ಣಗಾಗಿರುತ್ತಿತ್ತು, ಆದರೆ ಆ ಪಾಠ ಇವತ್ತಿಗೂ ನನಗೆ ಬಾಯಿಪಾಠ.

ಆದರೂ ಎಡವಿದೆ. ದುಬೈಯ ಗಿರಾಕಿಯೊಬ್ಬರಿಗಾಗಿ ಊದ್, ಅಂದರೆ ಅಗರು ಮರದ ಪರಿಮಳದ ಕೆಲವು ಮಾದರಿ ತಯಾರಾಗಿದ್ದವು. ಅದರಲ್ಲಿ ಒಂದನ್ನು ಮೂಸಿದರೆ ದನದ ಹಟ್ಟಿಗೆ ಹೋದಂತಾಯಿತು. ನಾನು ಅದನ್ನು ಪಕ್ಕಕ್ಕೆ ಸರಿಸಿ ‘ಬೇಡ’ ಎಂದು ಬರೆದೆ. ಗಿರಾಕಿ ಖುದ್ದಾಗಿ ಬಂದಾಗ ಸರ್ ಎಲ್ಲವನ್ನೂ ಅವರ ಮುಂದಿಟ್ಟರು. ಆ ಮನುಷ್ಯ ನಾನು ಸರಿಸಿದ್ದನ್ನೇ ಎತ್ತಿಕೊಂಡು ಕಣ್ಣು ಮುಚ್ಚಿದರು. ಅತಿಥಿ ಬಂದಾಗ ತಮ್ಮ ತಂದೆ ಇದನ್ನೇ ಹೊಗೆ ಹಾಕಿ ಬರಮಾಡಿಕೊಳ್ಳುತ್ತಿದ್ದರು ಎಂದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತೇವಲ್ಲ, ಅವತ್ತು ಆ ಕತ್ತೆ ನಾನೇ. ಅವರು ಹೋದ ಮೇಲೆ ಸರ್ ಎಲ್ಲರನ್ನೂ ನಿಲ್ಲಿಸಿ, ನಿಮ್ಮ ನಿಮ್ಮ ಮನೆಯನ್ನು ಗೇಟಿನ ಹೊರಗೆ ಬಿಟ್ಟು ಬನ್ನಿ, ಮೂಗನ್ನು ಮಾತ್ರ ಒಳಗೆ ತನ್ನಿ ಎಂದರು. ಅದು ನಮ್ಮ ಇಲಾಖೆಯ ಮಂತ್ರವೇ ಆಗಿಹೋಯಿತು.

ಆ ಮಂತ್ರಕ್ಕೆ ಸಿಕ್ಕಿಕೊಂಡವಳು ರುಬೀನಾ.

ಠಾಣೆಯಿಂದ ವಾಶಿ ಕಡೆಗೆ ರೈಲು ಬಂದ ಹೊಸತು. ಬಸ್ಸಿನಲ್ಲಿ ಜೋತಾಡುವುದು ತಪ್ಪಿ ರಬಾಳೆ ಸ್ಟೇಷನ್ನಿನಲ್ಲೇ ಇಳಿಯುವ ಸುಖ ನಮಗೆ ಬಂದಿತ್ತು. ರುಬೀನಾ ಮುಂಬ್ರಾದಿಂದ ಬರುತ್ತಿದ್ದಳು. ಅವಳನ್ನು ಖಾಯಂ ಮಾಡಿರಲಿಲ್ಲ, ಕೆಲವು ತಿಂಗಳು ನೋಡಿ ಹೇಳುತ್ತೇವೆ ಎಂದಿದ್ದರು. ಇಲ್ಲಿ ಆಗದಿದ್ದರೆ ಮನೆ ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸೇರಿಸುವುದೆಂದು ಅವಳ ತಂದೆ ಮಾತಾಡಿಟ್ಟಿದ್ದರು. ಅವಳಿಗೆ ಬೇಕಾದದ್ದು ಈ ಕೆಲಸವೇ. ಬಾಟಲಿ ತೊಳೆಯುವಾಗಲೂ ಮುಚ್ಚಳ ಮೂಸುವ ಹುಡುಗಿ. ನಾನು ಫೋನಿನಲ್ಲಿ ಊರಿನ ಗೆಳತಿಯರ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಕೇಳಿ ‘ಉಂಟು’, ‘ಬೇಡ’ ಎಂಬ ಎರಡು ಶಬ್ದ ಕಲಿತು, ಚಹಾದ ಹೊತ್ತಿಗೆ ‘ಆಂಟಿ, ಚಾಯ್ ಉಂಟಾ?’ ಎಂದು ನನ್ನನ್ನು ಕಾಡಿಸುತ್ತಿದ್ದಳು.

ಪ್ಯಾನೆಲ್ ಎಂದರೆ ನಮ್ಮ ಪರೀಕ್ಷೆ. ಮುಚ್ಚಿದ ಕೋಣೆಯಲ್ಲಿ ಏಳೆಂಟು ಜನ ಕೂರುತ್ತೇವೆ. ಪರಿಮಳದಲ್ಲಿ ಅದ್ದಿದ ಕಾಗದದ ಪಟ್ಟಿ ಕೈಗೆ ಬರುತ್ತದೆ. ಒಳಗೆ ಏನು ಬೆರೆಸಿದ್ದಾರೆಂದು ಹೇಳುವುದಿಲ್ಲ. ಮೂಸುವುದು, ಅಂಕ ಬರೆಯುವುದು, ಪರಸ್ಪರ ಮಾತಿಲ್ಲ. ರುಬೀನಾಳ ಅಂಕ ಮಾತ್ರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಎಲ್ಲರೂ ಮೆಚ್ಚಿದ್ದನ್ನು ಕೆಲವೊಮ್ಮೆ ಮೆಚ್ಚುವಳು, ಕೆಲವೊಮ್ಮೆ ಪಾತಾಳಕ್ಕೆ ತಳ್ಳುವಳು. ಇವಳ ಮೂಗಿಗೆ ನೆಲೆಯಿಲ್ಲ ಎಂದು ಸರ್ ಗೊಣಗತೊಡಗಿದರು.

ಅಷ್ಟರಲ್ಲಿ ಸಾಬೂನಿನ ಕೆಲಸ ಬಂತು. ಉತ್ತರದ ಊರುಗಳಲ್ಲಿ ಮಾರುವ ದೊಡ್ಡ ಕಂಪನಿ. ಬೆಳಗಿನ ಪೂಜೆಯ ಹೊತ್ತಿನ ತಾಜಾತನ ಬೇಕು ಎಂದಿದ್ದರು. ದಾಮ್ಲೆ ಸರ್ ಗುಲಾಬಿ, ಗಂಧ, ಅದರ ಮೇಲೆ ಕರ್ಪೂರ ಸೇರಿಸಿ ಒಂದು ಪರಿಮಳ ಮಾಡಿದರು. ಅದೆಷ್ಟು ಚೆನ್ನಾಗಿತ್ತೆಂದರೆ, ಪಟ್ಟಿಯನ್ನು ಮೂಗಿನ ಹತ್ತಿರ ತಂದಾಗ ಊರಿನ ದೇವಸ್ಥಾನದ ಮಂಗಳಾರತಿಯ ಗಂಟೆ ಕೇಳಿಸಿದ ಹಾಗಾಯಿತು. ನಾನು ಹತ್ತಕ್ಕೆ ಹತ್ತು ಕೊಟ್ಟೆ. ಉಳಿದವರೂ ಹೆಚ್ಚು ಕಡಿಮೆ ಅಷ್ಟೇ ಕೊಟ್ಟರು. ರುಬೀನಾ ಸೊನ್ನೆ ಕೊಟ್ಟಿದ್ದಳು. ಯಾಕೆ ಎಂದು ಸರ್ ಕೇಳಿದರೆ ತಲೆ ತಗ್ಗಿಸಿ ನಿಂತಳು. ಈ ವಾರ ಕಳೆಯಲಿ, ಇವಳನ್ನು ಇಟ್ಟುಕೊಳ್ಳಬೇಕೋ ಬೇಡವೋ ನೀವೇ ಹೇಳಿ ಎಂದು ಸರ್ ಭಾರವನ್ನು ನನ್ನ ತಲೆಗೆ ಕಟ್ಟಿದರು.

ಅವತ್ತು ಸಂಜೆ ರಬಾಳೆಯಿಂದ ಠಾಣೆಗೆ ಹೋಗುವ ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ನಾನು ಸುತ್ತಿ ಬಳಸದೆ ಕೇಳಿದೆ. ಸೊನ್ನೆ ಯಾಕೆ ಕೊಟ್ಟೆ, ನನಗಾದರೂ ಹೇಳು ಎಂದೆ. ಐರೋಲಿ ಸ್ಟೇಷನ್ ದಾಟಿದ ಮೇಲೆ ಬಾಯಿಬಿಟ್ಟಳು. ಅವಳ ಅಜ್ಜಿ ತೀರಿಕೊಂಡಾಗ ಮೈತೊಳೆದ ಹೆಂಗಸರಲ್ಲಿ ಅವಳೂ ಇದ್ದಳಂತೆ. ಕೊನೆಯ ಸಲ ಸುರಿಯುವ ನೀರಿಗೆ ಕರ್ಪೂರ ಬೆರೆಸುತ್ತಾರೆ. ಆ ಚೊಂಬನ್ನು ಹಿಡಿದವಳು ಇವಳೇ. ಬಿಳಿ ಬಟ್ಟೆ ಸುತ್ತಿದ ಮೇಲೆ ಗುಲಾಬಿ ನೀರು ಚಿಮುಕಿಸಿದರು.

‘ಇಸ್ ಸಾಬುನ್ ಸೇ ರೋಜ್ ಸುಬಹ್ ಕೌನ್ ನಹಾಯೇಗಾ, ಆಂಟಿ?’ ಎಂದಳು. ‘ಹಮಾರೇ ಯಹಾಂ ಯೇ ಆಖರಿ ನಹಾನಾ ಹೈ.’

ಈ ಸಾಬೂನಿನಲ್ಲಿ ದಿನಾ ಬೆಳಿಗ್ಗೆ ಯಾರು ಸ್ನಾನ ಮಾಡುತ್ತಾರೆ, ನಮ್ಮಲ್ಲಿ ಇದು ಕೊನೆಯ ಸ್ನಾನ. ಹಾಗಾದರೆ ಕರ್ಪೂರ ನಿನಗೆ ಕೆಟ್ಟ ವಾಸನೆಯಾ ಎಂದು ಕೇಳಿದೆ. ಅಲ್ಲವೇ ಅಲ್ಲ ಎಂದು ತಲೆಯಾಡಿಸಿದಳು. ‘ಗಂದಾ ನಹೀ, ಪಾಕ್ ಹೈ. ಬಸ್, ರೋಜ್ ಕಾ ನಹೀ ಹೈ.’ ಪವಿತ್ರವಾದದ್ದೇ, ಆದರೆ ದಿನನಿತ್ಯದ್ದಲ್ಲ. ಇಷ್ಟನ್ನು ಸರ್‌ಗೆ ಹೇಳಲು ನಿನಗೇನಾಗಿತ್ತು ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಮನೆಯನ್ನು ಗೇಟಿನಲ್ಲೇ ಬಿಟ್ಟು ಬರಬೇಕು ಎಂದು ಅವರೇ ಹೇಳಿದ್ದಾರಲ್ಲ ಎಂದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಮನೆಯಲ್ಲಿ ನಮ್ಮದು ತುಳು. ಕನ್ನಡದಲ್ಲಿ ಹೇಳುವುದಾದರೆ ಅವರು ಅಂದದ್ದು ಇಷ್ಟು: ‘ನಮ್ಮಲ್ಲಿಯೂ ಚಿತೆಗೆ ಕರ್ಪೂರ ಇಡುವುದಿಲ್ವಾ? ನಮಗೆ ದಿನಾ ದೇವರ ಎದುರು ಉಂಟು, ಅದಕ್ಕೆ ಅದು ನೆನಪಾಗುದಿಲ್ಲ. ಆ ಮಗುವಿಗೆ ಅದೊಂದೇ ನೆನಪು. ಪಾಪ, ಅದು ಎಂತ ಮಾಡಬೇಕು?’ ನನ್ನ ಕಂಪನಿಯ ಬಗ್ಗೆ ಅತ್ತೆ ಗೇಲಿ ಬಿಟ್ಟು ಆಡಿದ ಮೊದಲ ಮಾತು ಅದು.

ಮರುದಿನ ನಾನು ಸಾಬೂನಿನ ಪರಿಮಳದ ಪಟ್ಟಿಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೆ. ಠಾಣೆಯಿಂದ ಸಂಜೆಯ ಸ್ಲೋ ಲೋಕಲ್, ಹೆಂಗಸರ ಡಬ್ಬ. ಕಳವಾ ಬರುವ ಮೊದಲೇ ಪಟ್ಟಿ ಹಂಚಿ, ಏನು ನೆನಪಾಗುತ್ತದೆ ಹೇಳಿ ಎಂದೆ. ಲೋಕಲ್‌ನ ಹೆಂಗಸರಿಗೆ ಇಷ್ಟು ಕೊಟ್ಟರೆ ಸಾಕು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಕಾಕು ಕೈ ಒರೆಸಿಕೊಂಡು ಮೂಸಿ, ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು, ‘ಕಾಕಡ ಆರತಿ’ ಎಂದಳು. ಬೆಳಗಿನ ಜಾವ ವಿಠ್ಠಲನ ಗುಡಿಯಲ್ಲಿ ಮಾಡುವ ಆರತಿ ಅದು. ತಮಿಳಿನವಳಿಗೆ ದೇವಸ್ಥಾನದ ತೀರ್ಥ ನೆನಪಾಗಿ ಬಾಯಲ್ಲಿ ನೀರೂರಿತು. ಕಲ್ಯಾಣದ ಕ್ರಿಶ್ಚಿಯನ್ ನರ್ಸ್, ನೆಗಡಿಯಾದಾಗ ಅಮ್ಮ ಎದೆಗೆ ಹಚ್ಚುತ್ತಿದ್ದ ಮುಲಾಮು ಎಂದು ನಕ್ಕಳು. ಮುಂಬ್ರಾಕ್ಕೆ ಇಳಿಯಲು ಎದ್ದಿದ್ದ ಬುರ್ಖಾದ ವಯಸ್ಸಾದ ಹೆಂಗಸು ಮೂಸಿ, ಪಟ್ಟಿಯನ್ನು ಮೆಲ್ಲನೆ ನನ್ನ ಕೈಗೆ ವಾಪಸು ಕೊಟ್ಟು, ನನ್ನ ಭುಜದ ಮೇಲೆ ಕೈಯಿಟ್ಟು, ನಿಮ್ಮಲ್ಲಿ ಯಾರು ಹೋದರು ಎಂದು ಕೇಳಿದಳು.

ಒಂದೇ ಪಟ್ಟಿ. ಒಬ್ಬರಿಗೆ ದೇವರು, ಒಬ್ಬರಿಗೆ ನಾಲಗೆಯ ರುಚಿ, ಒಬ್ಬರಿಗೆ ಅಮ್ಮನ ಕೈ, ಒಬ್ಬರಿಗೆ ಸಾವು. ದಾಮ್ಲೆ ಸರ್ ಶನಿವಾರದ ಪಾಠದಲ್ಲಿ ಹೇಳುವ ದೇಶದೇಶಗಳೆಲ್ಲ ನಮ್ಮ ಡಬ್ಬದಲ್ಲೇ ನಿಂತುಕೊಂಡು ಪ್ರಯಾಣ ಮಾಡುತ್ತಿದ್ದವು.

ಬೆಳಿಗ್ಗೆ ಹೋದವಳೇ ಸರ್ ಕೋಣೆಗೆ ನುಗ್ಗಿ ಎಲ್ಲವನ್ನೂ ಹೇಳಿದೆ. ಮೊದಲು ಅವರ ಮುಖ ಕೆಂಪಾಯಿತು. ಕಂಪನಿಯ ಗುಟ್ಟನ್ನು ರೈಲಿನಲ್ಲಿ ಹಂಚಿದಿರಾ ಎಂದು ರೇಗಿದರು. ಅದು ನ್ಯಾಯವೇ, ನೀವು ಯಾರೂ ಹಾಗೆ ಮಾಡಬೇಡಿ. ಆಮೇಲೆ, ನಾವು ಸಾಬೂನು ಮಾರುವವರು, ಪ್ರತಿಯೊಬ್ಬರ ಅಜ್ಜಿಯನ್ನು ವಿಚಾರಿಸಿಕೊಂಡು ಕೂರಲು ಆಗುವುದಿಲ್ಲ ಎಂದರು. ನನಗೂ ಸಿಟ್ಟು ಬಂತು. ಮನೆ ಗೇಟಿನ ಹೊರಗೆ ನಿಲ್ಲುವುದಿಲ್ಲ ಸರ್, ಮೂಗಿನೊಳಗೇ ಕೂತು ಬರುತ್ತದೆ; ನಿಮ್ಮ ಈ ಪರಿಮಳವೂ ನೌಪಾಡಾದ ನಿಮ್ಮ ದೇವರಮನೆಯಿಂದಲೇ ಬಂದದ್ದಲ್ಲವೇ ಎಂದುಬಿಟ್ಟೆ.

ಸರ್ ಮೇಜಿನ ಮೇಲಿನ ಪಟ್ಟಿಗಳನ್ನು ಸರಿಮಾಡುತ್ತ ಕೂತರು. ನನ್ನ ಕೆಲಸಕ್ಕೂ ಕುತ್ತು ಬಂತು ಎಂದುಕೊಂಡೆ. ಆಮೇಲೆ ಅವರು ಹೇಳಿದ ಕತೆಯನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಫ್ರಾನ್ಸಿನ ಶಾಲೆಯಲ್ಲಿ ಮೊದಲ ವಾರ ಗುಲಾಬಿಯ ಪಟ್ಟಿ ಕೊಟ್ಟು, ಏನನ್ನಿಸುತ್ತದೆ ಬರೆಯಿರಿ ಎಂದಿದ್ದರಂತೆ. ಬೇರೆಯವರು ತೋಟ, ಹೆಣ್ಣು, ಪ್ರೀತಿ ಎಂದು ಬರೆದರು. ಇವರು ‘ಹಸಿವು’ ಎಂದು ಬರೆದರು. ಗುಲ್ಕಂದ, ಶರಬತ್ತು, ಹಬ್ಬದ ಸಿಹಿತಿಂಡಿ. ಇವರಿಗೆ ಗುಲಾಬಿ ಎಂದರೆ ತಿನ್ನುವುದು. ತರಗತಿಯೇ ಗೊಳ್ಳೆಂದು ನಕ್ಕಿತು. ನಿನ್ನ ಅಡುಗೆಮನೆಯನ್ನು ಊರಲ್ಲೇ ಬಿಟ್ಟು ಬಾ, ಇಲ್ಲದಿದ್ದರೆ ವಾಪಸು ಹೋಗು ಎಂದು ಮೇಷ್ಟ್ರು ಹೇಳಿದರು. ಇವರು ಬಿಟ್ಟರು.

‘ಯಾಕೆ ಹಸಿವು ಎಂದು ಅವತ್ತು ಯಾರೂ ಕೇಳಲಿಲ್ಲ’ ಎಂದರು, ಮರಾಠಿಯಲ್ಲಿ. ಆಮೇಲೆ, ‘ಆ ಹುಡುಗಿಯನ್ನು ಕರೆಯಿರಿ’ ಎಂದರು.

ರುಬೀನಾ ಬಂದಳು. ಸರ್ ಅವಳನ್ನು ಎದುರಿಗೆ ಕೂರಿಸಿ, ನಿನ್ನ ಅಜ್ಜಿಯ ಹೆಸರೇನು ಎಂದು ಶುರುಮಾಡಿದರು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಚಹಾದ ಹೊತ್ತು ಮೀರಿದರೂ ಒಳಗೆ ಮಾತು ನಡೆದೇ ಇತ್ತು.

ಸರ್ ಆ ಪರಿಮಳದಿಂದ ಕರ್ಪೂರ ತೆಗೆದು ಲಾವಂಚ ಹಾಕಿದರು. ಬಿಸಿಲಿನ ಊರುಗಳಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರೆ. ಶರಬತ್ತು ಮಾಡುತ್ತಾರೆ, ಅತ್ತರು ಮಾಡುತ್ತಾರೆ. ನಮ್ಮಲ್ಲಿ ನೀರಿನ ಮಡಕೆಗೆ ಹಾಕುತ್ತೇವೆ. ಯಾರ ಮನೆಯಲ್ಲಾದರೂ ಅದು ತಂಪೇ. ಸಾಬೂನಿನವರು ಮೊದಲು ಮುಖ ಸಿಂಡರಿಸಿದರು, ಎರಡನ್ನೂ ತಮ್ಮ ಊರುಗಳಲ್ಲಿ ಪರೀಕ್ಷಿಸಿ ನೋಡಿ ಕೊನೆಗೆ ಲಾವಂಚದ್ದನ್ನೇ ಒಪ್ಪಿದರು. ಕರ್ಪೂರದ್ದು ಹಾಳಾಗಲಿಲ್ಲ, ಊದುಬತ್ತಿಯವರು ಕಣ್ಣಿಗೊತ್ತಿಕೊಂಡು ಒಯ್ದರು. ರುಬೀನಾ ಖಾಯಂ ಆದಳು. ಶಾಲೆಯ ಮಾತು ಅಲ್ಲಿಗೆ ನಿಂತಿತು.

ಪ್ಯಾನೆಲ್ಲಿನ ರೀತಿಯೂ ಬದಲಾಯಿತು. ಮೊದಲು ಪ್ರತಿಯೊಬ್ಬರೂ ನೆನಪು ಹೇಳಬೇಕು, ಆಮೇಲೆ ಅಂಕ. ದುಬೈಯ ಊದ್ ಮತ್ತೆ ಬಂದಾಗ ನಾನು ‘ಹಟ್ಟಿ’ ಎಂದು ಬಾಯಿಬಿಟ್ಟು ಹೇಳಿದೆ, ಪಕ್ಕದವನು ‘ಮಾವನ ನಿಕಾಹ್’ ಎಂದ, ಎರಡೂ ದಾಖಲಾದವು. ಅಡುಗೆಮನೆಗಳು, ಗುಡಿಗಳು, ಬಾಣಂತಿ ಕೋಣೆಗಳು ಎಲ್ಲ ಒಳಗೆ ಬಂದವು. ಹೊರಗೆ ಉಳಿದದ್ದು ಹೂವು, ಎಣ್ಣೆ, ಪೌಡರ್ ಮಾತ್ರ.

ವರ್ಷಗಳು ಕಳೆದವು. ನಾವು ಹನಿ ಹನಿ ಹಾಕಿ ತೂಗುತ್ತಿದ್ದ ಕಡೆ ಹತ್ತಾರು ನಳಿಗೆಯ ಯಂತ್ರ ಬಂತು. ಯಾವ ಪರಿಮಳದಲ್ಲಿ ಏನೇನಿದೆ ಎಂದು ಕಂಪ್ಯೂಟರು ಗೆರೆ ಎಳೆದು ತೋರಿಸತೊಡಗಿತು. ಹೆದರಬೇಡಿ. ಅದು ಕರ್ಪೂರ ಎಷ್ಟಿದೆ ಎಂದು ಹೇಳುತ್ತದೆ, ಯಾರ ಅಜ್ಜಿ ಎಂದು ಹೇಳುವುದಿಲ್ಲ. ದಾಮ್ಲೆ ಸರ್ ನಿವೃತ್ತರಾದರು. ಪ್ಯಾನೆಲ್ ನಡೆಸುವ ಜವಾಬ್ದಾರಿ ರುಬೀನಾಳಿಗೆ ಬಂತು. ನಿಯಮದಲ್ಲಿ ಅವಳು ನನಗಿಂತ ಗಟ್ಟಿ. ಮುಖಕ್ಕೆ ಏನೋ ಹಚ್ಚಿಕೊಂಡು ಬಂದ ಮ್ಯಾನೇಜರನ್ನೇ ಬಾಗಿಲಿನಿಂದ ವಾಪಸು ಕಳಿಸಿದವಳು.

ನನ್ನ ಕೊನೆಯ ದಿನ ಬಂತು. ಬೆಳಿಗ್ಗೆ ಅತ್ತೆ ಮಲ್ಲಿಗೆ ಹಿಡಿದು ಕಾದಿದ್ದರು. ಕೈ ನಡುಗುವ ವಯಸ್ಸು, ಆದರೂ ತಾವೇ ಮುಡಿಸಬೇಕು ಎಂದು ಹಟ. ‘ಇವತ್ತೊಂದು ದಿನ ಬೋಳು ಜಡೆಯಲ್ಲಿ ಹೋಗಬೇಡ’ ಎಂದರು. ಕಂಪನಿಗೆ ಸೇರಿದ ಮೇಲೆ ಮೊದಲ ಸಲ ಮಲ್ಲಿಗೆ ಮುಡಿದು ರೈಲು ಹತ್ತಿದೆ. ಡಬ್ಬದ ಹೆಂಗಸರು ತಿರುತಿರುಗಿ ನೋಡಿದರು. ನನಗೆ ಮದುಮಗಳಷ್ಟೇ ನಾಚಿಕೆಯಾಯಿತು.

ಪ್ಯಾನೆಲ್ ಕೋಣೆಯ ಬಾಗಿಲಲ್ಲಿ ರುಬೀನಾ ಎರಡು ಕೈ ಅಡ್ಡ ಹಿಡಿದು ನಿಂತಳು. ‘ಬೇಡ’ ಎಂದಳು, ನನ್ನದೇ ಭಾಷೆಯಲ್ಲಿ. ಒಳಗೆ ಬರುವ ಹಾಗಿಲ್ಲ. ನಾನೇ ಕಲಿಸಿದ ನಿಯಮ. ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಅವಳು ಒಳಗಿದ್ದವರನ್ನೆಲ್ಲ ಎಬ್ಬಿಸಿ ಹೊರಗೆ ಕರೆದಳು. ಎಲ್ಲರೂ ಟೆರೇಸಿಗೆ ಹೋದೆವು. ಅಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಇವತ್ತಿನ ಸ್ಯಾಂಪಲ್ ಇದೇ, ಮೊದಲು ನೆನಪು ಹೇಳಿ ಎಂದು ಪ್ಯಾನೆಲ್ ಶುರುಮಾಡಿದಳು.

ಒಬ್ಬೊಬ್ಬರೇ ನನ್ನ ಜಡೆಯ ಹತ್ತಿರ ಬಗ್ಗಿದರು. ಅಕ್ಕನ ಮದುವೆ ಎಂದರು, ಮಧುರೈ ಎಂದರು, ಅಮ್ಮನ ದಿಂಬು ಎಂದರು. ಕೊನೆಗೆ ರುಬೀನಾ ಬಂದಳು. ಅವಳು ಬಹಳ ಹೊತ್ತು ಮೂಸಿದಳು. ಮೋಗ್ರಾ ತನಗೆ ಗೊತ್ತು, ಚಮೇಲಿ ಗೊತ್ತು, ಇದು ಅವೆರಡೂ ಅಲ್ಲ, ಈ ಹೂವಿನ ನೆನಪು ತನ್ನ ಹತ್ತಿರ ಒಂದೂ ಇರಲಿಲ್ಲ ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ನನ್ನ ಮುಂದೆ ಬಂದು ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು.

‘ಈಗ ಉಂಟು, ಆಂಟಿ’ ಎಂದಳು.